ಉಜ್ಜುವವರ ಉಸಿರು

ಪಿನ್ನರ್‌ನಿಂದ ನಿಮ್ಮ ಜೊತೆ ಮಾತಾಡುತ್ತಿದ್ದೇನೆ.

ಕೇಳುತ್ತಾ ಕೇಳುತ್ತಾ ಒಂದು ಸಣ್ಣ ಕೆಲಸ ಮಾಡಿ. ಹತ್ತಿರದಲ್ಲಿ ಮರದ ಮೇಜು ಇದ್ದರೆ ಅದರ ಮೇಲೆ ಅಂಗೈ ಆಡಿಸಿ. ಆಮೇಲೆ ಅದೇ ಕೈಯಿಂದ ಮೇಜಿನ ಅಡಿಭಾಗ ಮುಟ್ಟಿ ನೋಡಿ. ಮೇಲೆ ನುಣುಪು, ಕೆಳಗೆ ಒರಟು. ಸಿಬಿರು ಚುಚ್ಚೀತು, ಹುಷಾರು. ಯಾರೋ ಒಬ್ಬರು ನಿಮ್ಮ ಕಣ್ಣಿಗೆ ಬೀಳುವಷ್ಟು ಜಾಗವನ್ನು ಉಜ್ಜಿ, ಕಾಣದ ಕಡೆ ಕೈ ನಿಲ್ಲಿಸಿದ್ದಾರೆ. ಆ 'ಯಾರೋ ಒಬ್ಬರ' ಬಗ್ಗೆ, ಅವರ ಕೈಯಲ್ಲಿದ್ದ ಸಾಮಾನಿನ ಬಗ್ಗೆ, ಉಜ್ಜಿದಾಗ ಎದ್ದ ಹುಡಿ ಎಲ್ಲಿಗೆ ಹೋಯಿತು ಅನ್ನುವುದರ ಬಗ್ಗೆ ಇವತ್ತಿನ ಮಾತು.

ನೀವು ಸ್ಯಾಂಡ್‌ಪೇಪರ್ ಅನ್ನುತ್ತೀರಿ. ನಮ್ಮೂರಲ್ಲಿ ಅದಕ್ಕೆ ಉಪ್ಪು ಕಾಗದ ಅನ್ನುತ್ತಾರೆ. ಅದರಲ್ಲಿ ಉಪ್ಪಿಲ್ಲ, ಮುಟ್ಟಿದರೆ ಕಲ್ಲುಪ್ಪಿನ ಪುಡಿ ಮುಟ್ಟಿದ ಹಾಗಿರುತ್ತದೆ, ಅಷ್ಟೇ. ಸ್ಯಾಂಡ್‌ಪೇಪರ್ ಅನ್ನುವುದಕ್ಕೂ ಇವತ್ತು ಅರ್ಥವಿಲ್ಲ ಬಿಡಿ. ಅದರಲ್ಲಿ ಮರಳೂ ಇಲ್ಲ. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚಿನದು ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್, ಎರಡೂ ಕುಲುಮೆಯಲ್ಲಿ ತಯಾರಾದ ಹರಳು.

ಕಾಗದ ಬರುವುದಕ್ಕೆ ಮುಂಚೆ ಎಲೆ ಇತ್ತು. ಮಲೆನಾಡಿನ ಕಡೆ ಗರಗತ್ತಿ ಅನ್ನುವ ಒಂದು ಮರ ಇದೆ, ಅತ್ತಿಮರದ ನೆಂಟ. ಅದರ ಎಲೆ ಎಷ್ಟು ಒರಟು ಅಂದರೆ ಅದರಲ್ಲಿ ಮರ ಉಜ್ಜಬಹುದು, ಪಾತ್ರೆಯನ್ನೂ ಉಜ್ಜಬಹುದು. ಬೇರೆ ದೇಶಗಳಲ್ಲಿ ಶಾರ್ಕ್ ಮೀನಿನ ಒಣ ಚರ್ಮ ಬಳಸುತ್ತಿದ್ದರು. ಮನುಷ್ಯ ಒರಟಾಗಿ ಕಂಡದ್ದನ್ನೆಲ್ಲ ಎತ್ತಿಕೊಂಡು ಉಜ್ಜಿ ನೋಡಿದ್ದಾನೆ.

ಆ ಒರಟನ್ನು ಕಾಗದಕ್ಕೆ ಅಂಟಿಸಿ ಕಾರ್ಖಾನೆಯಲ್ಲಿ ತಯಾರಿಸಿ ಮಾರಿದವರಲ್ಲಿ ಮೊದಲಿಗರು ಇದೇ ಲಂಡನ್ನಿನವರು. ಜಾನ್ ಓಕಿ ಅನ್ನುವಾತ 1833ರಲ್ಲಿ ಗಾಜು ಕಾಗದದ ವ್ಯಾಪಾರ ಶುರು ಮಾಡಿದ. ಪುಡಿ ಮಾಡಿದ ಗಾಜನ್ನು ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟಿನಿಂದ ಕಾಗದಕ್ಕೆ ಹಿಡಿಸುತ್ತಿದ್ದರು. ಆ ಕಂಪನಿಯ ವೆಲ್ಲಿಂಗ್ಟನ್ ಮಿಲ್ಸ್ ಇದ್ದದ್ದು ಲ್ಯಾಂಬೆತ್‌ನಲ್ಲಿ, ವೆಸ್ಟ್‌ಮಿನ್‌ಸ್ಟರ್ ಬ್ರಿಡ್ಜ್ ರಸ್ತೆಯಲ್ಲಿ. ಲ್ಯಾಂಬೆತ್ ಅಂದ ಕೂಡಲೇ ನಿಮಗೆ ಬೇರೇನೋ ನೆನಪಾಗಬೇಕು. ಹೌದು, ಬಸವಣ್ಣನ ಪ್ರತಿಮೆ. 2015ರ ನವೆಂಬರ್ 14ರಂದು ಅನಾವರಣ ಆದದ್ದು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಕನ್ನಡದ ಮಕ್ಕಳು ಈ ಊರಲ್ಲಿ ಕಡಿಮೆ. ಉಪ್ಪು ಕಾಗದದ ಆ ಹಳೇ ಕಾರ್ಖಾನೆಯ ಜಾಗದಿಂದ ಅಲ್ಲಿಗೆ ನಡೆದೇ ಹೋಗಬಹುದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಗದದ ಹಿಂಬದಿಯಲ್ಲಿ ಪಿ40, ಪಿ80, ಪಿ120 ಅಂತ ಬರೆದಿರುತ್ತದಲ್ಲ, ಅದು ಜರಡಿಯ ಲೆಕ್ಕದಿಂದ ಬಂದದ್ದು. ಒಂದು ಇಂಚಿಗೆ ಎಷ್ಟು ಕಣ್ಣಿರುವ ಜರಡಿಯಲ್ಲಿ ಆ ಹರಳು ಸೋಸಿ ಇಳಿಯುತ್ತದೆ ಅನ್ನುವುದೇ ಅದರ ಮೂಲ. ಕಣ್ಣು ಹೆಚ್ಚಿದಷ್ಟೂ ತೂತು ಸಣ್ಣದು, ಹರಳೂ ಸಣ್ಣದು. ನಿಮ್ಮಮ್ಮನ ಅಡುಗೆಮನೆಯ ಭಾಷೆಯಲ್ಲಿ ಹೇಳಬೇಕೆಂದರೆ 40 ಅಂದರೆ ಬನ್ಸಿ ರವೆ, 100 ಅಂದರೆ ಚಿರೋಟಿ ರವೆ, 240 ಅಂದರೆ ಮೈದಾ. ಬನ್ಸಿಯಿಂದ ನೇರವಾಗಿ ಮೈದಾಕ್ಕೆ ಹಾರುವ ಹಾಗಿಲ್ಲ. 40ರ ಹರಳು ಮರದಲ್ಲಿ ಆಳವಾದ ಗೀರು ಬಿಟ್ಟಿರುತ್ತದೆ. ಅದನ್ನು 60 ಸವೆಸಬೇಕು, 60ರ ಗೀರನ್ನು 80 ಸವೆಸಬೇಕು. ಉಜ್ಜುವುದು ಅಂದರೆ ಇಷ್ಟೇ: ದೊಡ್ಡ ಗೀರನ್ನು ತೆಗೆದು ಸಣ್ಣ ಗೀರು ಹಾಕುವುದು. ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿಗೆ ನಾವು ನುಣುಪು ಅನ್ನುತ್ತೇವೆ.

ಈಗ ಪಿನ್ನರ್‌ಗೆ ಬರೋಣ. ಇಲ್ಲಿಗೆ ಮೆಟ್ರೊಪಾಲಿಟನ್ ರೈಲು ಬಂದದ್ದು 1885ರಲ್ಲಿ. ಎರಡು ಮಹಾಯುದ್ಧಗಳ ನಡುವೆ ಸುತ್ತಲಿನ ಹೊಲಗಳೆಲ್ಲ ಮನೆಗಳಾದವು. ನಮ್ಮ ಕನ್ನಡದ ಕುಟುಂಬಗಳು ಹೆಚ್ಚಾಗಿ ಇರುವುದು ಆ ಕಾಲದ ಮನೆಗಳಲ್ಲೇ. ಕಾರ್ಪೆಟ್ ಎತ್ತಿದರೆ ಕೆಳಗೆ ಪೈನ್ ಹಲಗೆ ಸಿಗುತ್ತದೆ. ನಡುವೆ ಬೋಳು, ಗೋಡೆಯ ಪಕ್ಕದಲ್ಲಿ ಸುತ್ತಲೂ ಒಂದೆರಡು ಅಡಿ ಅಗಲಕ್ಕೆ ಕಪ್ಪು ಬಣ್ಣ. ಆಗಿನವರು ನಡುವೆ ಜಮಖಾನ ಹಾಸಿ, ಅದು ಮುಚ್ಚದ ಅಂಚಿಗೆ ಮಾತ್ರ ಕಪ್ಪು ಬಳಿಯುತ್ತಿದ್ದರು. ಮೇಜಿನ ಅಡಿಭಾಗದ ಬುದ್ಧಿಯೇ ಇದು, ತಿರುಗುಮುರುಗಾಗಿ.

ನಮ್ಮ ಮನೆಯ ನೆಲ ಉಜ್ಜಲು ಬಂದವರು ಕಚ್ಛಿನ ಮೂಲದವರು, ನೈರೋಬಿಯಲ್ಲಿ ಹುಟ್ಟಿ ಹ್ಯಾರೋದಲ್ಲಿ ಬೆಳೆದವರು. ನಾನು ಅವರನ್ನು ಭಾಯಿ ಅಂದೆ, ಅವರು ನನ್ನನ್ನು ಬೆನ್ ಅಂದರು. ಮೊದಲ ದಿನ ಯಂತ್ರವನ್ನು ವ್ಯಾನಿನಿಂದ ಇಳಿಸಲೇ ಇಲ್ಲ. ಮಂಡಿಯೂರಿ ಕೂತು ಪ್ರತಿ ಹಲಗೆಯ ಮೊಳೆಯನ್ನೂ ಸುತ್ತಿಗೆಯಿಂದ ಒಳಕ್ಕೆ ಇಳಿಸಿದರು. ಒಂದೇ ಒಂದು ಮೊಳೆಯ ತಲೆ ಮೇಲಿದ್ದರೂ ಕಾಗದ ಹರಿಯುತ್ತದೆ, ಕಿಡಿ ಹಾರುತ್ತದೆ. ಆಮೇಲೆ ಕಪ್ಪು ಅಂಚಿನಲ್ಲಿ, ಕಿಟಕಿಯ ಕಟ್ಟಿನಲ್ಲಿ ಬಣ್ಣ ಕೆರೆದು ಸೀಸದ ಪರೀಕ್ಷೆ ಮಾಡಿದರು. ಹಳೇ ಮನೆಗಳ ಬಣ್ಣದಲ್ಲಿ ಸೀಸ ಇರುವುದು ಮಾಮೂಲು. ಈ ದೇಶದಲ್ಲಿ ಅದರ ಮಾರಾಟ ಸಾಮಾನ್ಯ ಜನರಿಗೆ ನಿಂತದ್ದು 1992ರಲ್ಲಿ. ಅಂಥ ಬಣ್ಣವನ್ನು ಒಣಗಿದ್ದಂತೆ ಉಜ್ಜಿದರೆ ಸೀಸದ ಹುಡಿ ಮನೆಯೆಲ್ಲ ಹರಡುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಅದು ವಿಷ. ಪರೀಕ್ಷೆಯ ಕಿಟ್ ಡಿಐವೈ ಅಂಗಡಿಯಲ್ಲೇ ಸಿಗುತ್ತದೆ. ಈ ವಾರಾಂತ್ಯ ನಿಮ್ಮ ಬಾಡಿಗೆ ಫ್ಲ್ಯಾಟಿನ ಕಿಟಕಿಗೆ ಬಣ್ಣ ಹೊಡೆಯಲು ಹೊರಟಿದ್ದರೆ ಇದನ್ನು ಮೊದಲು ಮಾಡಿ. ಹಾಗೆಯೇ ಹಳೇ ನೆಲದ ಪ್ಲಾಸ್ಟಿಕ್ ಟೈಲು, ಅದರಡಿಯ ಕಪ್ಪು ಗೋಂದು, ಉಬ್ಬು ವಿನ್ಯಾಸದ ಚಾವಣಿ, ಇವುಗಳಲ್ಲಿ ಕಲ್ನಾರು ಇರಬಹುದು. ಅವನ್ನು ಉಜ್ಜಲೇಬೇಡಿ.

ಎರಡನೇ ದಿನ ಯಂತ್ರ ಒಳಗೆ ಬಂತು. ನೆಲ ಉಜ್ಜುವ ಡ್ರಮ್ ಸ್ಯಾಂಡರ್ ನೋಡದವರಿಗೆ ಹೇಳುತ್ತೇನೆ, ಹುಲ್ಲು ಕತ್ತರಿಸುವ ಯಂತ್ರದ ಅಣ್ಣನ ಹಾಗಿರುತ್ತದೆ. ಉರುಳೆಗೆ ಸುತ್ತಿದ ಕಾಗದ ಗಿರಗಿರ ತಿರುಗುತ್ತಾ ಮುಂದಕ್ಕೆ ಎಳೆಯುತ್ತದೆ. ನಡೆಯುತ್ತಲೇ ಇರಬೇಕು. ಉರುಳೆ ನೆಲಕ್ಕೆ ತಾಗಿದ್ದಾಗ ಒಂದು ಗಳಿಗೆ ನಿಂತರೆ ಅಲ್ಲೊಂದು ಗುಂಡಿ, ಆ ಗುಂಡಿ ಆ ಮನೆ ಇರುವವರೆಗೂ ಇರುತ್ತದೆ. ಭಾಯಿ ಮೊದಲು ಹಲಗೆಗಳ ಮೇಲೆಲ್ಲ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆದರು. ಮಗು ಗೋಡೆ ಮೇಲೆ ಗೀಚಿದ ಹಾಗೆ. ಗೆರೆ ಅಳಿಸಿದ ಕಡೆ ಕಾಗದ ತಾಗಿದೆ, ಉಳಿದ ಕಡೆ ತಾಗಿಲ್ಲ. ಒಂದು ಸುತ್ತು ಮುಗಿದ ಮೇಲೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಒರಗಿಸಿಟ್ಟು ನೋಡಿದರು. ನನಗೆ ನುಣುಪಾಗಿ ಕಂಡಿದ್ದ ನೆಲದಲ್ಲಿ ಆ ಅಡ್ಡ ಬೆಳಕಿಗೆ ಉತ್ತ ಹೊಲದ ಹಾಗೆ ಸಾಲು ಸಾಲು ಗೀರು ಎದ್ದವು. ಕೊನೆಗೆ ಅಂಗೈ. ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ, "ಇಲ್ಲಿ ಇನ್ನೂ ಇದೆ" ಅಂದರು. ನಾನು ಮುಟ್ಟಿದೆ, ಏನೂ ಸಿಗಲಿಲ್ಲ. ಮೂವತ್ತು ವರ್ಷ ಉಜ್ಜಿದ ಕೈಗೆ ಸಿಕ್ಕಿದ್ದು ಕೀಬೋರ್ಡ್ ಒತ್ತಿದ ಕೈಗೆ ಹೇಗೆ ಸಿಗಬೇಕು?

ಸಂಜೆ ಹೊರಡುವಾಗ ಹುಡಿ ತುಂಬಿದ ಚೀಲವನ್ನು ಮನೆಯೊಳಗೆ ಬಿಡದೆ ಅಂಗಳಕ್ಕೆ ತಂದು ಖಾಲಿ ಮಾಡಿದರು. ಹಳೇ ವಾರ್ನಿಶ್ ಬೆರೆತ ಹುಡಿ ಒತ್ತಾಗಿ ಕೂತರೆ ತಾನೇ ಬಿಸಿಯಾಗಿ ರಾತ್ರಿ ಹೊತ್ತಿಕೊಳ್ಳಬಹುದು, ಮನೆಗಳು ಹಾಗೆ ಸುಟ್ಟಿವೆ ಅಂದರು. ಅವರ ಹುಬ್ಬು, ಕಿವಿಯ ಕೂದಲು ಎಲ್ಲ ಬೂದು. ಮಾಸ್ಕು ಇತ್ತು, ಆದರೆ ಮಾತಾಡುವಾಗ, ಚಾ ಕುಡಿಯುವಾಗ ಕೆಳಗಿಳಿಯುತ್ತಿತ್ತು. ನಡುನಡುವೆ ಕೆಮ್ಮು. ಕೇಳಿದ್ದಕ್ಕೆ, "ಇದು ಈ ಕೆಲಸದ ಜೊತೆಗೇ ಬರುವುದು ಬೆನ್, ಸಂಬಳದ ಹಾಗೆ" ಅಂದು ನಕ್ಕರು. ನನಗೆ ನಗು ಬರಲಿಲ್ಲ. ಈ ಕೆಮ್ಮಿನ ಕಥೆ ಇಲ್ಲಿಂದ ಮುಕ್ಕಾಲು ಗಂಟೆ ದೂರದಲ್ಲಿದೆ ಅಂತ ಆಮೇಲೆ ಓದಿ ತಿಳಿದೆ.

ಪಿನ್ನರ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಹೋದರೆ ಹೈ ವಿಕಂಬ್ ಅನ್ನುವ ಊರು. ಕುರ್ಚಿಗಳ ಊರು. ಸುತ್ತಲಿನ ಚಿಲ್ಟರ್ನ್ ಬೆಟ್ಟಗಳಲ್ಲಿ ಬೀಚ್ ಮರದ ಕಾಡು. ಹಿಂದೆ ಆ ಕಾಡಿನೊಳಗೇ ಗುಡಿಸಲು ಹಾಕಿಕೊಂಡು ಕೆಲವರು ಕುರ್ಚಿಯ ಕಾಲು ಕಡೆಯುತ್ತಿದ್ದರು. ಅವರಿಗೆ ಬಾಡ್ಜರ್ ಅನ್ನುತ್ತಿದ್ದರು. ಬಾಗುವ ಕೋಲಿಗೆ ಹಗ್ಗ ಕಟ್ಟಿ, ಕಾಲಿನಿಂದ ತುಳಿದು ತಿರುಗಿಸುವ ಲೇತು ಅವರದು. ಹಸಿ ಮರ, ಹರಿತವಾದ ಉಳಿ, ತೆರೆದ ಗಾಳಿ. ಅಲ್ಲಿ ಮರದ ಸುರುಳಿ ಬೀಳುತ್ತಿತ್ತೇ ಹೊರತು ಹುಡಿ ಏಳುತ್ತಿದ್ದದ್ದು ಕಡಿಮೆ. ಕೆಲಸ ಕಾರ್ಖಾನೆಗೆ ಹೋದ ಮೇಲೆ ಮರ ಒಣಗಿದ್ದು, ಲೇತು, ಗರಗಸ, ಉಜ್ಜುವ ಪಟ್ಟಿ ಎಲ್ಲ ಕರೆಂಟಿನವು, ಬಾಗಿಲು ಮುಚ್ಚಿದ್ದು.

1960ರ ದಶಕದಲ್ಲಿ ಆ ಊರಿನ ಆಸ್ಪತ್ರೆಯಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಅನ್ನುವ ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯೆ ಇದ್ದರು. ಮೂಗಿನ ಒಳಗೆ ಒಂದು ಬಗೆಯ ಕ್ಯಾನ್ಸರ್ ಆದವರು ಅವರ ಹತ್ತಿರ ಬರುತ್ತಿದ್ದರು. ಅಡಿನೊಕಾರ್ಸಿನೋಮಾ ಅನ್ನುವ ಆ ಬಗೆ ಬೇರೆ ಕಡೆ ಬಲು ಅಪರೂಪ. ಬಂದವರಲ್ಲಿ ಮತ್ತೆ ಮತ್ತೆ ಕುರ್ಚಿ, ಪೀಠೋಪಕರಣ ಮಾಡುವವರೇ. ಆಕ್ಸ್‌ಫರ್ಡಿನ ವೈದ್ಯ ರೊನಾಲ್ಡ್ ಮೆಕ್‌ಬೆತ್, ಮುಂದೆ ಈ ದೇಶದ ಮುಖ್ಯ ವೈದ್ಯಾಧಿಕಾರಿಯಾದ ಡೊನಾಲ್ಡ್ ಆಚಿಸನ್ ಮೊದಲಾದವರು ಅವರ ಜೊತೆ ಸೇರಿ ಲೆಕ್ಕ ಹಾಕಿದರು. 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಅಚ್ಚಾಯಿತು. ಅವರ ಬೆರಳು ತೋರಿದ್ದು ಮರದ ಹುಡಿಯ ಕಡೆಗೆ. 1969ರಲ್ಲಿ ಸರ್ಕಾರ ಅದನ್ನು ಮರಗೆಲಸದವರ ಉದ್ಯೋಗ ರೋಗ ಅಂತ ಪಟ್ಟಿಗೆ ಸೇರಿಸಿ ಪರಿಹಾರಕ್ಕೆ ದಾರಿ ಮಾಡಿತು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಹುಡಿಯನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು.

ನನಗೆ ಈ ಕಥೆಯಲ್ಲಿ ಹಿಡಿಸುವುದು ಹ್ಯಾಡ್‌ಫೀಲ್ಡ್ ಕೇಳಿದ ಪ್ರಶ್ನೆ. ಮೂಗು ತೋರಿಸಲು ಬಂದವನನ್ನು "ಏನು ಕೆಲಸ ಮಾಡುತ್ತೀಯ?" ಅಂತ ಕೇಳದಿದ್ದರೆ ಇದ್ಯಾವುದೂ ಹೊರಗೆ ಬರುತ್ತಿರಲಿಲ್ಲ. ಕೇಳುತ್ತಿರುವವರಲ್ಲಿ ಮೆಡಿಸಿನ್ ಓದುವವರು ಬಹಳ ಜನ ಇದ್ದೀರಿ, ನಮ್ಮವರ ಮನೆ ಅಂದ ಮೇಲೆ ಇರಲೇಬೇಕಲ್ಲ. ನಿಮಗೆ ಈ ಮಾತು ವಿಶೇಷವಾಗಿ.

ಮರದ ಹುಡಿ ಅಂದರೆ ಎಲ್ಲವೂ ಒಂದೇ ಅಲ್ಲ. ಗರಗಸ ಬಿಡುವ ಹೊಟ್ಟು ದಪ್ಪ, ನೆಲಕ್ಕೆ ಬೀಳುತ್ತದೆ. ಉಜ್ಜಿದಾಗ ಏಳುವುದು ಅದಕ್ಕಿಂತ ಎಷ್ಟೋ ಸಣ್ಣದು. ಕಾಗದ ನುಣುಪಾದಷ್ಟೂ ಹುಡಿ ಸಣ್ಣದಾಗುತ್ತದೆ, ಗಾಳಿಯಲ್ಲಿ ಹೆಚ್ಚು ಹೊತ್ತು ತೇಲುತ್ತದೆ. ಅಂದರೆ ಕೆಲಸ ಚೆಂದವಾಗುತ್ತಾ ಹೋದಂತೆ ಗಾಳಿ ಕೆಡುತ್ತಾ ಹೋಗುತ್ತದೆ. ಈ ದೇಶದ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯಾದ ಎಚ್‌ಎಸ್‌ಇ ಹೇಳುವ ಪ್ರಕಾರ ಬಡಗಿಗಳಿಗೆ ಆಸ್ತಮಾ ಬರುವ ಸಾಧ್ಯತೆ ಬೇರೆ ಕೆಲಸಗಾರರಿಗಿಂತ ನಾಲ್ಕು ಪಟ್ಟು. ಗಟ್ಟಿ ಮರದ ಹುಡಿಗೆ ಇದ್ದ ಮಿತಿಯನ್ನು 2020ರಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂನಿಂದ 3ಕ್ಕೆ ಇಳಿಸಿದರು.

ಹಾಗಂತ ಸಾಮಾನು ಸುಧಾರಿಸಿಲ್ಲ ಅಂತಲ್ಲ. 1921ರಲ್ಲಿ ಅಮೆರಿಕದ ತ್ರೀಎಮ್ ಕಂಪನಿ ನೀರಿನಲ್ಲಿ ನೆನೆಸಿ ಉಜ್ಜುವ ಕಾಗದ ತಂದಿತು. ನೀರಿದ್ದಲ್ಲಿ ಹುಡಿ ಏಳುವುದಿಲ್ಲ. ಇವತ್ತಿನ ಒಳ್ಳೇ ಕೈ ಸ್ಯಾಂಡರಿನ ತಟ್ಟೆಯಲ್ಲಿ ತೂತುಗಳಿರುತ್ತವೆ, ಕೊಳವೆ ಹಚ್ಚಿದರೆ ಹುಡಿಯನ್ನು ಎದ್ದಲ್ಲೇ ಹೀರಿಕೊಳ್ಳುತ್ತದೆ. ನಮ್ಮ ಭಾವ ಒಬ್ಬರು ಮನೆಯ ಹಳೇ ಹೂವರಿಗೆ ಟೇಪು ಸುತ್ತಿ, ಮೊಸರಿನ ಡಬ್ಬಿ ಕತ್ತರಿಸಿ ಸ್ಯಾಂಡರಿಗೆ ಜೋಡಿಸಿದ್ದರು. ಪಿನ್ನರ್‌ನ ಮೆಮೋರಿಯಲ್ ಪಾರ್ಕಿನಲ್ಲಿ ಹೀತ್ ರಾಬಿನ್ಸನ್ ಮ್ಯೂಸಿಯಂ ಇದೆಯಲ್ಲ, ವಿಚಿತ್ರ ಯಂತ್ರಗಳ ಚಿತ್ರ ಬರೆದ ಆ ಮಹಾಶಯ ಇದೇ ಊರಿನಲ್ಲಿ ಹತ್ತು ವರ್ಷ ಇದ್ದವನು. ಭಾವನ ಯಂತ್ರವನ್ನು ಅಲ್ಲೇ ಇಡಬಹುದಿತ್ತು. ಮನೆಯ ಹೂವರು ಇದಕ್ಕೆ ಸಾಲದು. ಸಣ್ಣ ಹುಡಿ ಅದರ ಹಿಂಬದಿಯಿಂದ ಮತ್ತೆ ಕೋಣೆಗೇ ಬರುತ್ತದೆ. ಎಂ-ಕ್ಲಾಸ್ ಅಂತ ಬರೆದ ಹೀರುಯಂತ್ರ ಬೇಕು, ಬಾಡಿಗೆಗೆ ಸಿಗುತ್ತದೆ. ಮುಖಕ್ಕೆ ಎಫ್‌ಎಫ್‌ಪಿ3 ಮಾಸ್ಕು, ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ. ಮುಗಿದ ಮೇಲೆ ಪೊರಕೆ ಹಿಡಿಯಬೇಡಿ. ನೆಲದ ಮೇಲೆ ಕೂತಿದ್ದ ಹುಡಿಯನ್ನು ಮತ್ತೆ ಎಬ್ಬಿಸಿ ಮೂಗಿಗೆ ಕೊಟ್ಟ ಹಾಗಾಗುತ್ತದೆ.

ಮರಕ್ಕಿಂತ ಕ್ರೂರವಾದದ್ದು ಕಲ್ಲು. ನಮ್ಮವರು ಅಡುಗೆಮನೆ ಹೊಸದು ಮಾಡಿಸುವಾಗ ಕ್ವಾರ್ಟ್ಜ್ ಕಟ್ಟೆ ಬೇಕು ಅನ್ನುತ್ತಾರಲ್ಲ, ಆ ಕೃತಕ ಕಲ್ಲಿನಲ್ಲಿ ಶೇಕಡ 90ಕ್ಕಿಂತ ಹೆಚ್ಚು ಸಿಲಿಕಾ ಇರಬಹುದು. ನೀರು ಹಾಕದೆ ಅದನ್ನು ಕತ್ತರಿಸಿ, ಅಂಚು ಉಜ್ಜಿ ಪಾಲಿಶ್ ಮಾಡಿದವರಿಗೆ ಸಿಲಿಕೋಸಿಸ್ ಬರುತ್ತಿದೆ. ಬ್ರಿಟನ್ನಿನ ಮೊದಲ ಎಂಟು ಜನರ ವಿವರ 2024ರಲ್ಲಿ ಥೊರಾಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರ ವಯಸ್ಸಿನ ನಡುಗೆರೆ 34. ಆಸ್ಟ್ರೇಲಿಯಾ ಅದೇ ವರ್ಷ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ನಾವು ಕಟ್ಟೆಯ ಬಣ್ಣ ಆರಿಸಲು ಮೂರು ಶನಿವಾರ ಅಂಗಡಿ ಸುತ್ತುತ್ತೇವೆ, "ನೀರು ಹಾಕಿ ಕೊಯ್ಯುತ್ತೀರಾ?" ಅಂತ ಒಂದು ಸಲವೂ ಕೇಳುವುದಿಲ್ಲ.

ಇನ್ನು ನಮ್ಮೂರಿನ ಕಡೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಸುಮಾರು 60 ಕಿಲೋಮೀಟರಿಗೆ ಚನ್ನಪಟ್ಟಣ. ಚಿಕ್ಕವರಿದ್ದಾಗ ನಿಮ್ಮಲ್ಲಿ ಎಷ್ಟೋ ಜನರಿಗೆ ಅಲ್ಲಿನ ಮರದ ಕುದುರೆ, ಗಿಲಕಿ, ಬುಗುರಿ ತಂದುಕೊಟ್ಟಿರುತ್ತಾರೆ. ಆ ಗೊಂಬೆ ಮಾಡುವುದು ಆಲೆ ಮರದಿಂದ. ಆಲದ ಮರ ಬೇರೆ, ಇದು ಬೇರೆ. ಇದರ ಮರ ದಂತದ ಹಾಗೆ ಬೆಳ್ಳಗೆ, ಮೆತ್ತಗೆ. ಒಣಗಿಸಿದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿ ಹಿಡಿದು ಕಡೆದು ಆಕಾರ ಕೊಡುತ್ತಾರೆ. ಆಮೇಲೆ ಮಡಿಸಿದ ಉಪ್ಪು ಕಾಗದವನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಬಿಳಿ ಹುಡಿ ಹೊಗೆಯ ಹಾಗೆ ಏಳುತ್ತದೆ. ಮುಂದೆ ಬಣ್ಣದ ಅರಗಿನ ಕಡ್ಡಿ. ತಿರುಗುವ ಮರಕ್ಕೆ ಅದನ್ನು ಒತ್ತಿದರೆ ಆ ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೊನೆಯ ಹೊಳಪಿಗೆ ತಾಳೆ ಗರಿ, ಅಂದರೆ ಕೇದಗೆ ಹೂ ಬಿಡುವ ಗಿಡದ ಒಣ ಎಲೆ. ಅದನ್ನು ಒತ್ತಿ ಹಿಡಿದ ಕೂಡಲೇ ಮಂಕಾಗಿದ್ದ ಬಣ್ಣ ಕನ್ನಡಿಯ ಹಾಗೆ ಮಿಂಚುತ್ತದೆ. ಒರಟು ಕಾಗದದಿಂದ ಶುರುವಾದದ್ದು ಎಲೆಯಲ್ಲಿ ಮುಗಿಯುತ್ತದೆ. ನಾನು ನೋಡಿದ ಪಾಲಿಶ್‌ಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ.

ಹೆದ್ದಾರಿಯ ಅಂಗಡಿಗಳ ಹಿಂದೆ ಕಲಾನಗರದ ಓಣಿಗಳಲ್ಲಿ ಈ ಕೆಲಸ ನಡೆಯುತ್ತದೆ. ಒಂದು ಮನೆಯ ಮುಂದೆ ಕೂತು ಗಿಲಕಿ ಉಜ್ಜುತ್ತಿದ್ದ ಹೆಂಗಸನ್ನು ಕೇಳಿದೆ, "ಮೂಗಿಗೆ ಏನೂ ಕಟ್ಕೊಳಲ್ವಾ ಅಕ್ಕ?"

"ಕಟ್ಕೊಂಡ್ರೆ ಸೆಕೆಗೆ ಉಸಿರು ಕಟ್ಟುತ್ತೆ ಕಣಮ್ಮ. ಅರಗು ಸೀದೋಯ್ತಾ ಅಂತ ವಾಸನೇಲೇ ಗೊತ್ತಾಗ್ಬೇಕು. ಮೂಗು ಮುಚ್ಚಿದ್ರೆ ಹೆಂಗೆ?"

ಇದನ್ನು ಅಜ್ಞಾನ ಅಂತ ತಳ್ಳಿಹಾಕಬೇಡಿ. ಮೂಗು ಆಕೆಗೆ ಒಂದು ಸಲಕರಣೆ. ಆಕೆಗೆ ಕೂಲಿ ಒಂದೊಂದು ತುಂಡಿನ ಲೆಕ್ಕದಲ್ಲಿ. ಮಾಸ್ಕು ಸರಿ ಮಾಡಿಕೊಳ್ಳಲು ನಿಂತಷ್ಟು ಹೊತ್ತೂ ಗಿಲಕಿ ಕಡಿಮೆ. ಲೇತಿನ ಬಾಯಿಯ ಹತ್ತಿರವೇ ಹುಡಿ ಹೀರುವ ಕೊಳವೆ ಇದ್ದರೆ ಮೂಗು ಮುಚ್ಚುವ ಪ್ರಶ್ನೆಯೇ ಇಲ್ಲ. ಅದಕ್ಕೆ ದುಡ್ಡು ಬೇಕು, ಆ ದುಡ್ಡು ಗಿಲಕಿಯ ಬೆಲೆಯಿಂದ ಬರಬೇಕು. ನಾವು ಆ ಬೆಲೆಯಲ್ಲಿ ಚೌಕಾಸಿ ಮಾಡುತ್ತೇವೆ, ಅದೂ ಪೌಂಡಿನಲ್ಲಿ ಸಂಬಳ ಎಣಿಸುವವರು. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಕಾರುಗಳು ಊರೊಳಗೆ ಬರುವುದೇ ಕಡಿಮೆಯಾಗಿ ವ್ಯಾಪಾರವೂ ಕುಗ್ಗಿದೆ. ಮುಂದಿನ ಸಲ ಹೋದಾಗ ಅಪ್ಪನಿಗೆ ಹೇಳಿ ಕಾರನ್ನು ಹಳೇ ರಸ್ತೆಗೆ ಇಳಿಸಿ. ಅರ್ಧ ಗಂಟೆ ತಡವಾದರೆ ಮೈಸೂರು ಎಲ್ಲಿಗೂ ಓಡಿಹೋಗುವುದಿಲ್ಲ.

ಇಷ್ಟೆಲ್ಲ ನಾನು ಯಾಕೆ ತಲೆಗೆ ಹಚ್ಚಿಕೊಂಡೆ ಅಂದರೆ, ನಮ್ಮ ಮನೆಯಲ್ಲೂ ಈಗ ಒಬ್ಬಳು ಉಪ್ಪು ಕಾಗದ ಹಿಡಿದಿದ್ದಾಳೆ. ನಮ್ಮಣ್ಣನ ಮಗಳು. ಎ-ಲೆವೆಲ್ ಮುಗಿಸಿ, ಯೂನಿವರ್ಸಿಟಿ ಬೇಡ, ಜಾಯ್ನರಿ ಅಪ್ರೆಂಟಿಸ್ ಆಗುತ್ತೇನೆ ಅಂದಳು. ಬಾಗಿಲು, ಕಿಟಕಿ, ಮೆಟ್ಟಿಲು ಮಾಡುವ ಕೆಲಸ. ಮನೆಯಲ್ಲಿ ಆದದ್ದನ್ನು ನೀವೇ ಊಹಿಸಿಕೊಳ್ಳಿ. ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ, "ನಮ್ಮನೆ ಹುಡುಗಿ ಆಚಾರಿ ಕೆಲಸ ಮಾಡ್ತಾಳಾ?" ಅಂದರು. ಆಚಾರಿ ಅನ್ನುವುದು ಗೌರವದ ಪದ, ಗುರು ಅನ್ನುವ ಅರ್ಥದ್ದು. ಅಮ್ಮ ಅದನ್ನು ಹೇಳಿದ ರೀತಿಯಲ್ಲಿ ಗೌರವ ಇರಲಿಲ್ಲ, ಜಾತಿ ಇತ್ತು. ಇಲ್ಲಿ ಹುಟ್ಟಿದ ನಿಮಗೆ ಅದು ಕೇಳಿಸದೇ ಇರಬಹುದು, ನಮ್ಮ ತಲೆಮಾರಿಗೆ ಚೆನ್ನಾಗಿ ಕೇಳಿಸುತ್ತದೆ.

ಅಣ್ಣ ಪ್ರತಿ ವರ್ಷ ಬಸವ ಜಯಂತಿಗೆ ಲ್ಯಾಂಬೆತ್‌ಗೆ ಹೋಗಿ ಹೂ ಇಟ್ಟು ಬರುವವನು. ಅವನಿಗೆ ನಾನು ಹೇಳಿದ್ದು ಒಂದೇ. ಆ ಶರಣರ ಜೊತೆಯಲ್ಲಿ ಬಾಚಿಕಾಯಕದ ಬಸವಯ್ಯ ಅನ್ನುವವರೊಬ್ಬರು ಇದ್ದರು. ಬಾಚಿ ಅಂದರೆ ಮರ ಕೆತ್ತುವ ಸಲಕರಣೆ, ಬಡಗಿಯದು. ಅವರೂ ವಚನ ಬರೆದರು, ಅವರ ಹೆಂಡತಿ ಕಾಳವ್ವೆಯೂ ಬರೆದರು. ಕಾಯಕ ಅಂತ ಭಾಷಣದಲ್ಲಿ ಹೇಳುವುದು ಸುಲಭ, ಮಗಳು ಬಾಚಿ ಹಿಡಿದಾಗ ಗೊತ್ತಾಗುತ್ತದೆ. ಅಣ್ಣ ಎರಡು ವಾರ ನನ್ನ ಜೊತೆ ಮಾತು ಬಿಟ್ಟ.

ಆದರೆ ನಿಜವಾದ ತಕರಾರು ಇದ್ದದ್ದು ಬೇರೆ ಕಡೆ, ಅದನ್ನು ಯಾರೂ ಎತ್ತಿರಲಿಲ್ಲ. ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ. ಪ್ರೈಮರಿ ಶಾಲೆಯ ಬ್ಯಾಗಿನಲ್ಲಿ ನೀಲಿ ಇನ್‌ಹೇಲರ್ ಇರುತ್ತಿತ್ತು. ಜನ ಏನಂತಾರೆ ಅಂತ ಎಲ್ಲರೂ ಜಗಳ ಆಡಿದರು, ಇವಳ ಶ್ವಾಸಕೋಶ ಏನನ್ನುತ್ತದೆ ಅಂತ ಯಾರೂ ಕೇಳಲಿಲ್ಲ. ಮೊದಲು ಸೇರಿದ ವರ್ಕ್‌ಶಾಪಿನಲ್ಲಿ ಹುಡಿ ಹೀರುವ ಯಂತ್ರ ಇತ್ತು, ಕೆಟ್ಟು ಕೂತಿತ್ತು. ಮೂರನೇ ತಿಂಗಳಿಗೆ ಇನ್‌ಹೇಲರ್ ಮತ್ತೆ ಹೊರಗೆ ಬಂತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ "ನಾವು ಮೊದಲೇ ಹೇಳಿರಲಿಲ್ಲವಾ" ಅನ್ನುತ್ತೇವೆ ಅಂತ ಹೆದರಿದ್ದಳು. ಒಂದು ರಾತ್ರಿ ಕೆಮ್ಮು ತಡೆಯದೆ ಅಣ್ಣನಿಗೆ ಗೊತ್ತಾಯಿತು.

ಅವತ್ತು ಅವನು ಬಯ್ಯುತ್ತಾನೆ ಅಂತಲೇ ನಾವೆಲ್ಲ ಅಂದುಕೊಂಡೆವು. ಅವನು ಅಕೌಂಟೆಂಟ್. ಕಾನೂನು ತೆಗೆದು ಓದಲು ಕೂತ. ಕಾಶ್ ನಿಯಮಗಳು ಅಂತ 2002ರದ್ದು ಇದೆ, ಆರೋಗ್ಯಕ್ಕೆ ಹಾನಿ ಮಾಡುವ ವಸ್ತುಗಳ ಕುರಿತದ್ದು. ಅದರ ಪ್ರಕಾರ ಹುಡಿ ಹೀರುವ ವ್ಯವಸ್ಥೆಯನ್ನು 14 ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು, ದಾಖಲೆ ಇಡಬೇಕು. ಆಸ್ತಮಾ ತರಬಲ್ಲ ಹುಡಿಯ ನಡುವೆ ಕೆಲಸ ಮಾಡುವವರ ಉಸಿರಿನ ಪರೀಕ್ಷೆಯೂ ನಡೆಯಬೇಕು. ಕೇಳುವುದು ನಿನ್ನ ಹಕ್ಕು ಅಂತ ಮಗಳಿಗೆ ಹೇಳಿದ. ಅವಳು ಕೇಳಿದಳು. ಸರಿಯಾದ ಉತ್ತರ ಸಿಗಲಿಲ್ಲ, ಬಿಟ್ಟು ಬಂದಳು. ಕೆಲಸ ಬಿಡಲಿಲ್ಲ, ಆ ಜಾಗ ಬಿಟ್ಟಳು. ಕಾಲೇಜಿನವರ ನೆರವಿನಿಂದ ಬೇರೆ ಜಾಗ ಹುಡುಕಿದಳು.

ಎರಡನೇ ಜಾಗದ ಸಂದರ್ಶನದಲ್ಲಿ "ನಮ್ಮನ್ನೇನಾದರೂ ಕೇಳುವುದಿದೆಯಾ?" ಅಂದಾಗ ಇವಳು, "ನಿಮ್ಮ ಎಕ್ಸ್‌ಟ್ರ್ಯಾಕ್ಷನ್ ಕೊನೆಯ ಸಲ ಪರೀಕ್ಷೆ ಆದದ್ದು ಯಾವಾಗ?" ಅಂದಳಂತೆ. ಯಜಮಾನರು ಏನೂ ಹೇಳದೆ ಎದ್ದು, ಯಂತ್ರದ ಹತ್ತಿರ ಕರೆದುಕೊಂಡು ಹೋಗಿ ಅಂಟಿಸಿದ್ದ ಚೀಟಿಯ ತಾರೀಖು ತೋರಿಸಿದರು. ಈಗ ಅಲ್ಲೇ ಎರಡನೇ ವರ್ಷ. ವರ್ಷಕ್ಕೊಮ್ಮೆ ಕೊಳವೆಗೆ ಊದಿಸಿ ಪರೀಕ್ಷೆ ಮಾಡುತ್ತಾರೆ. ಆ ಕಾಗದವನ್ನು ಅಣ್ಣ ತನ್ನ ಟ್ಯಾಕ್ಸ್ ಫೈಲುಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದಾನೆ. ಈ ಸಲ ಆಯುಧ ಪೂಜೆಗೆ ಕಾರು, ಲ್ಯಾಪ್‌ಟಾಪುಗಳ ಸಾಲಿನಲ್ಲಿ ಅವಳ ಸ್ಯಾಂಡರಿಗೂ ಕುಂಕುಮ ಬಿತ್ತು. ಅದರ ತೂತುಗಳಲ್ಲಿ ಕುಂಕುಮ ಹೋಗಿದ್ದಕ್ಕೆ ಅವಳು ಅಪ್ಪನ ಮೇಲೆ ರೇಗಿದಳು, ಅದು ಬೇರೆ ವಿಷಯ.

ಹೈ ವಿಕಂಬ್‌ನಲ್ಲಿ ಕುರ್ಚಿಗಳ ಒಂದು ಮ್ಯೂಸಿಯಂ ಇದೆ. ಮುಂದಿನ ತಿಂಗಳು ಅತ್ತೆ-ಸೊಸೆ ಇಬ್ಬರೂ ಹೋಗುವವರಿದ್ದೇವೆ. ಕಾರಿನಲ್ಲಿ ಇನ್ನೂ ಮೂರು ಸೀಟು ಖಾಲಿ ಇವೆ. ಬರುವವರು ರೇಡಿಯೋಗೆ ಬರೆದು ತಿಳಿಸಿ.